ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಕ್ರೀಡಾ ವಿಭಾಗದ ವಿರುದ್ಧದ ಲೈಂಗಿಕ ದೌರ್ಜನ್ಯದ ದೂರು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ?

ಪ್ರಶ್ನೆ: ಪುಟದಂಚು

ಪೆನ್ ಸ್ಟೇಟ್, ಬೇಲರ್, ಮಿಷಿಗನ್ ಸ್ಟೇಟ್, ಒಹಾಯೊ ಸ್ಟೇಟ್ ಈ ನಾಲ್ಕು ಪ್ರಕರಣಗಳ ವರದಿಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಎಲ್ಲ ಕಡೆಯೂ ಯಾರೋ ಒಬ್ಬರು ಬಾಯಿಬಿಟ್ಟು ಹೇಳಿದ್ದರು. ಹೇಳಿದ ಮೇಲೂ ವರ್ಷಗಟ್ಟಲೆ ಏನೂ ಆಗಲಿಲ್ಲ. ನಿಯಮಗಳೇ ಇರಲಿಲ್ಲ ಎನ್ನಲಾಗದು, ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗ ತಾರತಮ್ಯ ತಡೆಯುವ 1972ರ ಟೈಟಲ್ 9 ಕಾಯ್ದೆ ಆಗಲೇ ಜಾರಿಯಲ್ಲಿತ್ತು.

ತಿಳಿದವರು ದಯವಿಟ್ಟು ನಾಲ್ಕು ವಿಷಯ ಬಿಡಿಸಿ ಹೇಳಿ. ಒಬ್ಬ ಆಟಗಾರ್ತಿ ತನ್ನ ಕೋಚ್ ಬಳಿ ಬಂದು ಹೇಳಿಕೊಂಡರೆ ಆ ಕೋಚ್ ಏನು ಮಾಡಬೇಕು, ಎಷ್ಟು ಹೊತ್ತಿನೊಳಗೆ? ಮಿಷಿಗನ್ ಸ್ಟೇಟ್‌ನಲ್ಲಿ 2014ರಲ್ಲೇ ವಿಚಾರಣೆ ನಡೆದಿತ್ತು, ಆದರೂ ಆರೋಪಿತ ಕ್ರೀಡಾ ವೈದ್ಯ ಲ್ಯಾರಿ ನಾಸರ್ ಮತ್ತೆ ಕ್ಲಿನಿಕ್‌ಗೆ ಮರಳಿದ್ದು ಹೇಗೆ? ಹಗರಣ ಬಯಲಾದ ಮೇಲೆ ದೊಡ್ಡ ಕಾನೂನು ಸಂಸ್ಥೆಯೊಂದನ್ನು ಕರೆಸಿ ‘ಸ್ವತಂತ್ರ ವರದಿ’ ಬರೆಸುತ್ತಾರಲ್ಲ, ಅದನ್ನು ಎಷ್ಟರಮಟ್ಟಿಗೆ ನಂಬಬೇಕು? ಕಾಲೇಜು ಕ್ರೀಡೆಗಳ ಆಡಳಿತ ನೋಡಿಕೊಳ್ಳುವ ಎನ್‌ಸಿಎಎ ಇದರಲ್ಲಿ ಎಲ್ಲಿ ನಿಲ್ಲುತ್ತದೆ?

ಉತ್ತರ 1: ಕಾಯ್ದೆಕಟ್ಟು

ಮೊದಲ ಪ್ರಶ್ನೆಗೆ ಉತ್ತರಿಸುತ್ತೇನೆ. ಉಳಿದವುಗಳ ಬೇರು ಕೂಡ ಅಲ್ಲೇ ಇದೆ.

ಒಂದೇ ದೂರಿನ ಮೇಲೆ ಮೂರು ಬೇರೆ ಬೇರೆ ಕಾನೂನುಗಳು ಕೂತಿರುತ್ತವೆ. ಟೈಟಲ್ 9 ಲಿಂಗ ತಾರತಮ್ಯದ ಕಾಯ್ದೆ, ಅದರಡಿ ವಿಚಾರಣೆ ನಡೆಸುವುದು ವಿಶ್ವವಿದ್ಯಾಲಯವೇ. 1990ರ ಕ್ಲೆರಿ ಕಾಯ್ದೆ ಕ್ಯಾಂಪಸ್‌ನ ಅಪರಾಧಗಳನ್ನು ಲೆಕ್ಕವಿಟ್ಟು ಬಹಿರಂಗಪಡಿಸಲು ಹೇಳುತ್ತದೆ. ಇವೆರಡರ ಪಕ್ಕದಲ್ಲಿ ರಾಜ್ಯದ ಕ್ರಿಮಿನಲ್ ಕಾನೂನು, ಮಗುವಿನ ವಿಷಯವಾದರೆ ಮಕ್ಕಳ ರಕ್ಷಣೆಯ ಕಾನೂನು. ಒಂದನ್ನು ಪಾಲಿಸಿದರೆ ಇನ್ನೊಂದರಿಂದ ಬಿಡುಗಡೆ ಸಿಗುವುದಿಲ್ಲ. ‘ಪೊಲೀಸರಿಗೆ ಹೇಳಿದ್ದೇವೆ, ನಮ್ಮ ಕೆಲಸ ಮುಗಿಯಿತು’ ಎಂಬ ಮಾತು ಕಾನೂನಿನಲ್ಲಿ ನಿಲ್ಲುವುದಿಲ್ಲ.

ಕ್ಲೆರಿ ಕಾಯ್ದೆಯ ಪ್ರಕಾರ ಅಥ್ಲೆಟಿಕ್ ಡೈರೆಕ್ಟರ್ (ಕ್ರೀಡಾ ವಿಭಾಗದ ಮುಖ್ಯಸ್ಥರು), ಕೋಚ್‌ಗಳು, ಟ್ರೇನರ್‌ಗಳು ‘ಕ್ಯಾಂಪಸ್ ಭದ್ರತಾ ಅಧಿಕಾರಿ’ಗಳ ಪಟ್ಟಿಯಲ್ಲಿ ಬರುತ್ತಾರೆ. ಕಿವಿಗೆ ಬಿದ್ದ ಅಪರಾಧವನ್ನು ಅವರು ದಾಟಿಸಲೇಬೇಕು. ಕ್ಯಾಂಪಸ್ ಪೊಲೀಸರಿಗೆ ಮಾಹಿತಿ ಸಿಕ್ಕ 2 ಕೆಲಸದ ದಿನಗಳೊಳಗೆ ದೈನಂದಿನ ಅಪರಾಧ ದಾಖಲೆಯಲ್ಲಿ ಅದು ಏರಬೇಕು, ಸಂತ್ರಸ್ತೆಯ ಹೆಸರು ಅದರಲ್ಲಿ ಬರುವುದಿಲ್ಲ. ವಾರ್ಷಿಕ ವರದಿಗೆ ಗಡುವು ಅಕ್ಟೋಬರ್ 1. ಪೆನ್ ಸ್ಟೇಟ್‌ನಲ್ಲಿ 2011ರ ನವೆಂಬರ್‌ನಲ್ಲೂ ಕ್ಲೆರಿ ನೀತಿ ಕರಡು ಸ್ಥಿತಿಯಲ್ಲೇ ಇತ್ತು. ಕಾಯ್ದೆ ಬಂದು ಇಪ್ಪತ್ತೊಂದು ವರ್ಷವಾಗಿತ್ತು!

ಟೈಟಲ್ 9ರಲ್ಲಿ ಬಹಳ ಜನ ಗಮನಿಸದ ಸೂಕ್ಷ್ಮವೊಂದಿದೆ. 1998ರ ಗೆಬ್ಸರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಕ್ರಮ ಕೈಗೊಳ್ಳುವ ಅಧಿಕಾರವುಳ್ಳವರಿಗೆ ನಿಜವಾಗಿ ಗೊತ್ತಿದ್ದೂ ಉದ್ದೇಶಪೂರ್ವಕವಾಗಿ ಉದಾಸೀನ ಮಾಡಿದ್ದರೆ ಮಾತ್ರ ಸಂಸ್ಥೆ ಪರಿಹಾರಕ್ಕೆ ಹೊಣೆ ಎಂದಿತು. 1999ರ ಡೇವಿಸ್ ತೀರ್ಪು ಇದೇ ಮಾನದಂಡವನ್ನು ಸಹಪಾಠಿಗಳ ಕಿರುಕುಳಕ್ಕೂ ವಿಸ್ತರಿಸಿತು. ಇದರ ಅಡ್ಡಪರಿಣಾಮ ನೋಡಿ: ಮೇಲಿನವರಿಗೆ ‘ಗೊತ್ತಾಗದೇ’ ಇರುವುದೇ ಸಂಸ್ಥೆಗೆ ಲಾಭ. ಈಗ ಜಾರಿಯಲ್ಲಿರುವ 2020ರ ನಿಯಮಗಳ ಪ್ರಕಾರವೂ ಕಾಲೇಜು ಮಟ್ಟದಲ್ಲಿ ಕೋಚ್‌ಗೆ ತಿಳಿದ ಮಾತ್ರಕ್ಕೆ ಸಂಸ್ಥೆಗೆ ತಿಳಿದಂತೆ ಆಗಿಬಿಡುವುದಿಲ್ಲ. ಟೈಟಲ್ 9 ಸಂಯೋಜಕರಿಗೋ (ಈ ದೂರುಗಳನ್ನು ನೋಡಿಕೊಳ್ಳಲು ವಿಶ್ವವಿದ್ಯಾಲಯ ನೇಮಿಸಿದವರು) ಸರಿಪಡಿಸುವ ಅಧಿಕಾರ ಇರುವವರಿಗೋ ತಲುಪಬೇಕು. ಆದ್ದರಿಂದ ಕೋಚ್ ಕಡ್ಡಾಯವಾಗಿ ವರದಿ ಮಾಡಬೇಕೋ ಬೇಡವೋ ಎಂಬುದನ್ನು ಬಹುಪಾಲು ತೀರ್ಮಾನಿಸುವುದು ಆ ವಿಶ್ವವಿದ್ಯಾಲಯದ ಸ್ವಂತ ನೀತಿ. ಆ ಒಂದು ಸಾಲು ಸಡಿಲವಾಗಿದ್ದರೆ ಉಳಿದೆಲ್ಲ ಸಡಿಲ.

ಇನ್ನು ಕೋಚ್ ಎದುರು ಯಾರೋ ಬಂದು ಕೂತಿದ್ದಾರೆ ಎಂದುಕೊಳ್ಳಿ. ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬಾರದು. ತಾನು ಯಾರಿಗೆ ತಿಳಿಸಲೇಬೇಕು ಎಂಬುದನ್ನು ಆರಂಭದಲ್ಲೇ ಹೇಳಬೇಕು, ಅವರು ಎಲ್ಲ ಹೇಳಿ ಮುಗಿಸಿದ ಮೇಲಲ್ಲ. ಗುಟ್ಟಾಗಿ ಮಾತಾಡಬೇಕೆಂದರೆ ಆಪ್ತಸಮಾಲೋಚಕರು ಎಲ್ಲಿದ್ದಾರೆ ಎಂದು ತೋರಿಸಬೇಕು. ಪ್ರಶ್ನೆ ಕೇಳಿ ಕೇಳಿ ತನಿಖೆಗೆ ಇಳಿಯಬಾರದು. ಅವರದೇ ಮಾತುಗಳಲ್ಲಿ, ದಿನಾಂಕ ಸಮಯ ಸಮೇತ ಬರೆದಿಟ್ಟು, ಅದೇ ದಿನ ಸಂಯೋಜಕರಿಗೆ ನೇರವಾಗಿ ಕಳಿಸಬೇಕು. ಆರೋಪಿತರಿಗೆ ಫೋನ್ ಹಚ್ಚಿ ‘ಏನಪ್ಪಾ ಇದು’ ಎಂದು ಕೇಳಿದರೆ ಮುಗಿಯಿತು, ಸಂದೇಶಗಳು ಅಳಿಸಿಹೋಗುತ್ತವೆ, ಸಾಕ್ಷಿಗಳು ಒಂದೇ ಕಥೆ ಹೇಳತೊಡಗುತ್ತಾರೆ. ವೈದ್ಯಕೀಯ ಸಾಕ್ಷ್ಯ ಸಂಗ್ರಹಕ್ಕೆ ಹಲವು ರಾಜ್ಯಗಳಲ್ಲಿ 120 ಗಂಟೆಗಳ ಮಿತಿ ಇದೆ. ಪೊಲೀಸ್ ದೂರು ಕೊಡದಿದ್ದರೂ ಆ ಪರೀಕ್ಷೆಯನ್ನು ಹಣ ತೆರದೆ ಮಾಡಿಸಿಕೊಳ್ಳಬಹುದು ಎಂಬುದನ್ನು ತಿಳಿಸುವುದು ಬಹಳ ಮುಖ್ಯ. ತರಬೇತಿ ಕಟ್ಟಡದ ಸಿಸಿಟಿವಿ, ಬಾಗಿಲ ಕಾರ್ಡ್‌ನ ದಾಖಲೆ ತಾವಾಗಿಯೇ ಅಳಿದುಹೋಗುವ ಮೊದಲು ತೆಗೆದಿಡಲು ಅದೇ ದಿನ ಪತ್ರ ಹೋಗಬೇಕು.

ಮಗುವಿನ ವಿಷಯವಾದರೆ ಮೊದಲ ಕರೆ ರಾಜ್ಯದ ಮಕ್ಕಳ ರಕ್ಷಣಾ ಸಹಾಯವಾಣಿಗೆ ಅಥವಾ ಪೊಲೀಸರಿಗೆ. ರಾಷ್ಟ್ರೀಯ ಕ್ರೀಡಾ ಒಕ್ಕೂಟಗಳಡಿ ಅಪ್ರಾಪ್ತರ ಜೊತೆ ಕೆಲಸ ಮಾಡುವ ವಯಸ್ಕರಿಗೆ 2018ರ ಫೆಡರಲ್ ಕಾಯ್ದೆ 24 ಗಂಟೆಗಳ ಗಡುವು ಹಾಕಿದೆ. ಈ ಕಟ್ಟುನಿಟ್ಟು ಯಾಕೆ ಎಂದರೆ 2001ರ ಪೆನ್ ಸ್ಟೇಟ್ ನೆನಪಿಸಿಕೊಳ್ಳಿ. ನಿವೃತ್ತ ಸಹಾಯಕ ಕೋಚ್ ಜೆರಿ ಸ್ಯಾಂಡಸ್ಕಿ ಒಬ್ಬ ಹುಡುಗನ ಜೊತೆ ಸ್ನಾನದ ಕೋಣೆಯಲ್ಲಿದ್ದುದನ್ನು ಕಂಡ ಯುವಕ ಮಾರನೆಯ ದಿನ ಮುಖ್ಯ ಕೋಚ್ ಜೋ ಪಟರ್ನೊಗೆ ಹೇಳಿದ. ಅವರು ಅಥ್ಲೆಟಿಕ್ ಡೈರೆಕ್ಟರ್‌ಗೆ, ಅಲ್ಲಿಂದ ಉಪಾಧ್ಯಕ್ಷರಿಗೆ, ಅಧ್ಯಕ್ಷರಿಗೆ. ಮಕ್ಕಳ ಕಲ್ಯಾಣ ಇಲಾಖೆಗೆ ತಿಳಿಸುವ ಯೋಚನೆ ಮೊದಲು ಇತ್ತು, ಇಮೇಲ್‌ಗಳಲ್ಲೇ ಅದು ಕರಗಿತು. ಆ ಹುಡುಗ ಯಾರೆಂದು ಯಾರೂ ಹುಡುಕಲಿಲ್ಲ. ಆಗ ಪೆನ್ಸಿಲ್ವೇನಿಯದ ಕಾನೂನು ಸಿಬ್ಬಂದಿ ಮೇಲಧಿಕಾರಿಗೆ ಹೇಳಿದರೆ ಸಾಕು ಎನ್ನುತ್ತಿತ್ತು. 2014ರ ತಿದ್ದುಪಡಿ ಅದನ್ನು ತಿರುಗಿಸಿತು: ಮೊದಲು ನೀವೇ ನೇರವಾಗಿ ರಾಜ್ಯಕ್ಕೆ ವರದಿ ಮಾಡಿ, ಆಮೇಲೆ ಮೇಲಧಿಕಾರಿಗೆ ಹೇಳಿ.

ನನ್ನ ಅಭಿಪ್ರಾಯದಲ್ಲಿ ಇಡೀ ವಿಷಯದ ಗಂಟು ಇದೇ. ದೂರು ಕ್ರೀಡಾ ವಿಭಾಗದ ಒಳಗಿನ ಏಣಿ ಹತ್ತಲು ಶುರುಮಾಡಿತೆಂದರೆ ಪ್ರತಿ ಮೆಟ್ಟಿಲಲ್ಲೂ ಒಂದಿಷ್ಟು ಹಗುರಾಗುತ್ತದೆ. ‘ಅತ್ಯಾಚಾರ’ ಎಂದು ಹೊರಟದ್ದು ‘ಅನುಚಿತ ವರ್ತನೆ’ ಆಗುತ್ತದೆ, ಕೊನೆಗೆ ‘ಗಡಿ ಮೀರಿದ ತಮಾಷೆ’ ಆಗಿ ಮೇಜಿಗೆ ಬರುತ್ತದೆ.

ಉತ್ತರ 2: ಸಾಕ್ಷಿಪುಟ

2014ರ ಮಿಷಿಗನ್ ಸ್ಟೇಟ್ ವಿಚಾರಣೆ ಎಲ್ಲರೂ ಓದಬೇಕಾದ ಪಾಠ. ಕಣ್ಮುಚ್ಚಿ ಕೂತ ಪ್ರಕರಣವಲ್ಲ ಅದು. ವಿಚಾರಣೆ ನಡೆಯಿತು, ಕಡತ ತಯಾರಾಯಿತು, ತೀರ್ಮಾನವೂ ಬಂತು. ತೀರ್ಮಾನವೇ ತಪ್ಪಾಗಿತ್ತು.

ಆಗಷ್ಟೇ ಪದವಿ ಮುಗಿಸಿದ್ದ ಯುವತಿಯೊಬ್ಬರು ಸೊಂಟನೋವಿಗೆ ಹೋದಾಗ ನಾಸರ್ ಚಿಕಿತ್ಸೆಯ ಹೆಸರಲ್ಲಿ ಲೈಂಗಿಕವಾಗಿ ಮುಟ್ಟಿದ ಎಂದು ದೂರಿದರು. ಇದು ಆಸ್ಟಿಯೋಪತಿಯ (ಮೂಳೆ, ಸ್ನಾಯುಗಳನ್ನು ಕೈಯಿಂದ ಒತ್ತಿ ಮಾಡುವ ಚಿಕಿತ್ಸೆ) ಮಾನ್ಯ ವಿಧಾನ ಎಂಬುದು ಆತನ ವಾದ. ತನಿಖಾಧಿಕಾರಿಗೆ ವೈದ್ಯಶಾಸ್ತ್ರ ಗೊತ್ತಿಲ್ಲ, ಹಾಗಾಗಿ ತಜ್ಞರನ್ನು ಕೇಳಿದರು. ಕೇಳಿದ್ದು ಅದೇ ವಿಶ್ವವಿದ್ಯಾಲಯದ, ನಾಸರ್‌ನನ್ನು ಬಲ್ಲ ನಾಲ್ವರನ್ನು. ನಾಲ್ವರೂ ಇದು ವೈದ್ಯಕೀಯವೇ ಎಂದರು. ಜುಲೈಯಲ್ಲಿ ‘ಉಲ್ಲಂಘನೆ ಇಲ್ಲ’ ಎಂದು ಕಡತ ಮುಚ್ಚಿತು. ಇನ್ನೂ ನೋವಿನ ಸಂಗತಿ ಎಂದರೆ ವರದಿಯ ಅಂತಿಮ ಭಾಗಕ್ಕೆ ಎರಡು ಆವೃತ್ತಿಗಳಿದ್ದವು. ಈ ವಿಧಾನ ರೋಗಿಗಳಿಗೆ ಅನಗತ್ಯ ಆಘಾತ ಉಂಟುಮಾಡುತ್ತಿದೆ, ಸಂಸ್ಥೆಗೂ ಅಪಾಯ ಎಂಬ ಮಾತು ಒಳಗಿನವರ ಪ್ರತಿಯಲ್ಲಿತ್ತು. ದೂರುದಾರೆಗೆ ಕೊಟ್ಟ ಪ್ರತಿಯಲ್ಲಿ ಇರಲಿಲ್ಲ.

ನಂತರ ಷರತ್ತುಗಳು ಬಂದವು: ಸೂಕ್ಷ್ಮ ಭಾಗಗಳ ಚಿಕಿತ್ಸೆಯಲ್ಲಿ ಇನ್ನೊಬ್ಬರು ಕೋಣೆಯಲ್ಲಿರಬೇಕು, ಚರ್ಮಕ್ಕೆ ಚರ್ಮ ತಾಗುವುದು ಕಡಿಮೆಯಾಗಬೇಕು, ಏನು ಮಾಡುತ್ತಿದ್ದೇನೆಂದು ವಿವರಿಸಬೇಕು. ಇಮೇಲ್ ಹೋಯಿತು, ಅಷ್ಟೇ. ಪಾಲಿಸುತ್ತಿದ್ದಾನೆಯೇ ಎಂದು ನೋಡಲು ಯಾರನ್ನೂ ನೇಮಿಸಲಿಲ್ಲ. ಪೊಲೀಸ್ ತನಿಖೆ ಇನ್ನೂ ಮುಗಿದಿರಲಿಲ್ಲ, ಆತ ರೋಗಿಗಳನ್ನು ನೋಡುತ್ತಲೇ ಇದ್ದ. 2016ರ ಸೆಪ್ಟೆಂಬರ್‌ನಲ್ಲಿ ಇಂಡಿಯಾನಾಪೊಲಿಸ್ ಸ್ಟಾರ್ ಪತ್ರಿಕೆ ಬರೆದ ಮೇಲೆಯೇ ಕೆಲಸ ಹೋದದ್ದು. 2018ರ ಜನವರಿಯಲ್ಲಿ 40ರಿಂದ 175 ವರ್ಷಗಳ ಶಿಕ್ಷೆ, ಅದೇ ವರ್ಷದ ಮೇಯಲ್ಲಿ 50 ಕೋಟಿ ಡಾಲರ್ ಪರಿಹಾರದ ಒಪ್ಪಂದ, 2019ರಲ್ಲಿ ಶಿಕ್ಷಣ ಇಲಾಖೆಯಿಂದ 45 ಲಕ್ಷ ಡಾಲರ್ ಕ್ಲೆರಿ ದಂಡ.

ಇದರಿಂದ ಕಲಿಯಬೇಕಾದದ್ದು ಸ್ಪಷ್ಟ. ತಜ್ಞರು ಆ ಸಂಸ್ಥೆಯ ಹೊರಗಿನವರಾಗಿರಬೇಕು, ಆರೋಪಿತ ವೈದ್ಯನೊಂದಿಗೆ ಯಾವ ಸಂಬಂಧವೂ ಇಲ್ಲವೆಂದು ಬರೆದುಕೊಡಬೇಕು, ಮತ್ತು ಅವರಿಗೆ ಕೇಳುವ ಪ್ರಶ್ನೆಯೇ ಸರಿಯಿರಬೇಕು. ‘ಇಂಥದೊಂದು ಚಿಕಿತ್ಸಾ ವಿಧಾನ ಇದೆಯೇ’ ಎಂದು ಕೇಳಿದರೆ ಇದೆ ಎಂದೇ ಉತ್ತರ ಬರುತ್ತದೆ. ಈ ರೋಗಿಗೆ, ಈ ನೋವಿಗೆ ಅದು ಬೇಕಿತ್ತೇ? ಕೈಗವಸು ಇತ್ತೇ? ಒಪ್ಪಿಗೆ ಕೇಳಿದ್ದು ದಾಖಲಾಗಿದೆಯೇ? ಚಿಕಿತ್ಸೆಯ ಟಿಪ್ಪಣಿಯಲ್ಲಿ ಆ ವಿಧಾನದ ಹೆಸರಿದೆಯೇ? ಹೀಗೆ ಕೇಳಿದ್ದರೆ 2014ರಲ್ಲೇ ಕಥೆ ಬೇರೆಯಾಗುತ್ತಿತ್ತು. ಜೊತೆಗಿರುವ ಮೂರನೆಯವರ ವಿಷಯಕ್ಕೂ ಇದೇ ಅನ್ವಯ. ವೈದ್ಯನ ಕೈಕೆಳಗಿನ ವಿದ್ಯಾರ್ಥಿಯನ್ನು ಕೋಣೆಯಲ್ಲಿ ನಿಲ್ಲಿಸಿದರೆ ಅದು ಕಣ್ಣೊರೆಸುವ ವ್ಯವಸ್ಥೆ. ನಿಲ್ಲಿಸಿ ಎಂದು ಹೇಳುವ ಅಧಿಕಾರ ಅವರಿಗಿರಬೇಕು, ಹೆಸರು ಸಹಿ ಕಡತದಲ್ಲಿರಬೇಕು, ತಿಂಗಳಿಗೊಮ್ಮೆ ಯಾರೋ ಆ ಕಡತ ತೆರೆದು ನೋಡಬೇಕು.

ಒಹಾಯೊ ಸ್ಟೇಟ್‌ನಲ್ಲಿ ಬೇರೆ ತರಹದ ಎಡವಟ್ಟು. ವೈದ್ಯ ರಿಚರ್ಡ್ ಸ್ಟ್ರಾಸ್ 1978ರಿಂದ 1998ರವರೆಗೆ ಅಲ್ಲಿದ್ದ. ಕನಿಷ್ಠ 177 ವಿದ್ಯಾರ್ಥಿಗಳನ್ನು ದೌರ್ಜನ್ಯಕ್ಕೆ ಒಳಪಡಿಸಿದ್ದನೆಂದು 2019ರ ವರದಿ ಹೇಳಿತು, ಎಲ್ಲರೂ ಗಂಡುಮಕ್ಕಳು. 1996ರಲ್ಲಿ ಕ್ರೀಡಾ ವಿಭಾಗ ಮತ್ತು ವಿದ್ಯಾರ್ಥಿ ಆರೋಗ್ಯ ಕೇಂದ್ರದಿಂದ ಆತನನ್ನು ತೆಗೆದರು, ಆದರೆ ಪ್ರಾಧ್ಯಾಪಕ ಹುದ್ದೆ ಮುಟ್ಟಲಿಲ್ಲ. ಕ್ಯಾಂಪಸ್ ಹೊರಗೆ ಖಾಸಗಿ ಕ್ಲಿನಿಕ್ ತೆರೆದ, ಕೊನೆಗೆ ಎಮೆರಿಟಸ್ ಗೌರವದೊಂದಿಗೆ ನಿವೃತ್ತನಾದ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡಾ. ರಾಬರ್ಟ್ ಆಂಡರ್ಸನ್ ಆರೋಗ್ಯ ಕೇಂದ್ರದ ನಿರ್ದೇಶಕ ಸ್ಥಾನ ಬಿಟ್ಟ ಮೇಲೂ ಕ್ರೀಡಾಪಟುಗಳ ವೈದ್ಯನಾಗಿ 2003ರವರೆಗೆ ಮುಂದುವರಿದ. 2022ರಲ್ಲಿ ಸುಮಾರು 1,050 ಮಂದಿಗೆ 49 ಕೋಟಿ ಡಾಲರ್ ಕೊಡಲು ಆ ವಿಶ್ವವಿದ್ಯಾಲಯ ಒಪ್ಪಿತು. ಹುದ್ದೆಗೆ ಕತ್ತರಿ ಹಾಕಿ ಪರವಾನಗಿ ಮುಟ್ಟದೆ ಬಿಟ್ಟರೆ ರೋಗಿಗಳು ಬದಲಾಗುತ್ತಾರೆ, ವೈದ್ಯ ಅವನೇ. ವೈದ್ಯಕೀಯ ಮಂಡಳಿಗೆ ಬರವಣಿಗೆಯಲ್ಲಿ ತಿಳಿಸುವುದು ಮೊದಲ ವಾರದ ಕೆಲಸವಾಗಬೇಕು.

ಸ್ಯಾನ್ ಹೋಸೆ ಸ್ಟೇಟ್ ಬಗ್ಗೆ ಜನ ಅಷ್ಟು ಮಾತಾಡುವುದಿಲ್ಲ. 2009ರಲ್ಲಿ 17 ಈಜುಗಾರ್ತಿಯರು ಒಬ್ಬ ಅಥ್ಲೆಟಿಕ್ ಟ್ರೇನರ್ ವಿರುದ್ಧ ದೂರಿದರು. ಆಂತರಿಕ ವಿಚಾರಣೆ ‘ಒತ್ತಡದ ಬಿಂದುಗಳ ಚಿಕಿತ್ಸೆ’ ಎಂಬ ಆತನ ವಿವರಣೆಯನ್ನು ಒಪ್ಪಿಬಿಟ್ಟಿತು. ಈಜು ತಂಡದ ಕೋಚ್ ಸುಮ್ಮನಾಗಲಿಲ್ಲ. ದಾಖಲೆ ಸೇರಿಸುತ್ತಾ ಹೋಗಿ 2018ರ ಹೊತ್ತಿಗೆ ನೂರಾರು ಪುಟಗಳ ಕಡತವನ್ನು ಸಂಸ್ಥೆಯ ಹೊರಗೂ ಕಳಿಸಿದರು. 2021ರಲ್ಲಿ ನ್ಯಾಯ ಇಲಾಖೆ ವಿಶ್ವವಿದ್ಯಾಲಯ ಟೈಟಲ್ 9 ಉಲ್ಲಂಘಿಸಿದೆ, ದನಿ ಎತ್ತಿದವರ ಮೇಲೆ ಸೇಡು ತೀರಿಸಿಕೊಂಡಿದೆ ಎಂದು ಕಂಡುಕೊಂಡಿತು. 16 ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಂದವಾಯಿತು, ಅಧ್ಯಕ್ಷರು ರಾಜೀನಾಮೆ ಕೊಟ್ಟರು. ವರದಿ ಮಾಡಿದ ಕೋಚ್‌ನ ಕೆಲಸದ ಮೌಲ್ಯಮಾಪನವನ್ನು ಕ್ರೀಡಾ ವಿಭಾಗದ ಕೈಗೇ ಬಿಡಬಾರದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಉತ್ತರ 3: ತೀರ್ಪುಗಾರ

ವರದಿಗಳ ವಿಷಯ. ‘ಸ್ವತಂತ್ರ’ ಎಂಬ ಪದ ನೋಡಿ ಮರುಳಾಗಬೇಡಿ, ನೇಮಕಾತಿ ಪತ್ರ ನೋಡಿ. ಕಾನೂನು ಸಂಸ್ಥೆಗೆ ಹಣ ಕೊಡುವುದು ವಿಶ್ವವಿದ್ಯಾಲಯವೇ, ಕಕ್ಷಿದಾರನೂ ಅದೇ. ಹಾಗಾಗಿ ವಕೀಲ-ಕಕ್ಷಿದಾರ ಗೌಪ್ಯತೆ ಅದರ ಕೈಯಲ್ಲಿರುತ್ತದೆ. ಬೇಲರ್‌ನಲ್ಲಿ ಪೆಪ್ಪರ್ ಹ್ಯಾಮಿಲ್ಟನ್ ಎಂಬ ಕಾನೂನು ಸಂಸ್ಥೆ ವಿಶ್ವವಿದ್ಯಾಲಯದ ಆಡಳಿತ ಮಂಡಳಿಗೆ ವರದಿಯನ್ನು ಬಾಯಿಮಾತಿನಲ್ಲಿ ಒಪ್ಪಿಸಿತು. 2016ರ ಮೇ 26ರಂದು ಹೊರಬಂದದ್ದು 13 ಪುಟಗಳ ಸಾರಾಂಶ ಮತ್ತು 105 ಶಿಫಾರಸು. ಮೂಲ ವರದಿ ಎಲ್ಲಿ ಎಂದರೆ, ಬರೆದೇ ಇರಲಿಲ್ಲ. ಸಾರಾಂಶವನ್ನು ಸಾರ್ವಜನಿಕಗೊಳಿಸಿದ್ದರಿಂದ ವಕೀಲ-ಕಕ್ಷಿದಾರ ಗೌಪ್ಯತೆಯನ್ನು ಬಿಟ್ಟುಕೊಟ್ಟಂತಾಗಿದೆ ಎಂದು 2017ರಲ್ಲಿ ಫೆಡರಲ್ ನ್ಯಾಯಾಲಯ ಹೇಳಬೇಕಾಯಿತು. ಮಿಷಿಗನ್ ಸ್ಟೇಟ್ ಇದೇ ಗೌಪ್ಯತೆಯ ಹೆಸರಲ್ಲಿ ಸುಮಾರು 6,000 ದಾಖಲೆಗಳನ್ನು ರಾಜ್ಯದ ಅಟಾರ್ನಿ ಜನರಲ್‌ಗೆ ಕೊಡದೆ ವರ್ಷಗಟ್ಟಲೆ ಹಿಡಿದಿಟ್ಟಿತ್ತು, 2023ರ ಡಿಸೆಂಬರ್‌ನಲ್ಲಷ್ಟೇ ಬಿಡುಗಡೆಗೆ ಮತ ಹಾಕಿತು. ಪೆನ್ ಸ್ಟೇಟ್ ಬಗ್ಗೆ ಲೂಯಿಸ್ ಫ್ರೀ ಕೊಟ್ಟ ವರದಿ (2012ರ ಜುಲೈ) ಪೂರ್ತಿ ಪ್ರಕಟವಾಯಿತು, ಇಮೇಲ್‌ಗಳ ಸಮೇತ. ಅದರ ತೀರ್ಮಾನಗಳ ಬಗ್ಗೆ ತಕರಾರು ಇದ್ದವರೂ ದಾಖಲೆ ಕೈಯಲ್ಲಿಟ್ಟುಕೊಂಡೇ ವಾದಿಸಬಹುದು. ಆ ವ್ಯತ್ಯಾಸ ದೊಡ್ಡದು.

ಆದ್ದರಿಂದ ಪತ್ರದಲ್ಲಿ ನೋಡಬೇಕಾದದ್ದು: ವರದಿ ಬರವಣಿಗೆಯಲ್ಲಿರಲೇಬೇಕು ಎಂದಿದೆಯೇ, ಪ್ರಕಟಿಸುವ ಹಕ್ಕು ಯಾರದು, ಪ್ರಕಟಣೆಗೆ ಮುನ್ನ ತಿದ್ದುವ ಅವಕಾಶ ಆಡಳಿತಕ್ಕಿದೆಯೇ, ಮಂಡಳಿಯ ಸದಸ್ಯರನ್ನೂ ಪ್ರಶ್ನಿಸಬಹುದೇ, ಫೋನ್‌ಗಳ ಸಂದೇಶ ಸಿಗುತ್ತವೆಯೇ. ಅದೇ ಕಾನೂನು ಸಂಸ್ಥೆ ಮುಂದೆ ಸಂತ್ರಸ್ತರ ವಿರುದ್ಧ ವಿಶ್ವವಿದ್ಯಾಲಯದ ಪರ ವಾದಿಸಬಾರದು ಎಂಬ ಕರಾರು ಇಲ್ಲದಿದ್ದರೆ ಸಂದರ್ಶನಕ್ಕೆ ಬಂದವರು ತಮ್ಮ ಎದುರಾಳಿಗೇ ಹೇಳಿಕೆ ಕೊಟ್ಟಂತಾಗುತ್ತದೆ.

ಬೇಲರ್ ಸಾರಾಂಶದಲ್ಲಿ ಒಂದು ಅಂಶ ಎಲ್ಲರೂ ಗಮನಿಸಬೇಕು. ಫುಟ್‌ಬಾಲ್ ಸಿಬ್ಬಂದಿ ಕೆಲವು ಸಲ ದೂರುದಾರೆಯನ್ನೋ ಹೆತ್ತವರನ್ನೋ ತಾವೇ ಭೇಟಿಯಾಗಿ, ದೂರನ್ನು ಸಂಬಂಧಪಟ್ಟವರಿಗೆ ದಾಟಿಸದೆ ಬಿಟ್ಟಿದ್ದರು. ತಂಡಕ್ಕೆ ತನ್ನದೇ ಶಿಸ್ತಿನ ವ್ಯವಸ್ಥೆ ಇತ್ತು. ಪೂರ್ಣಾವಧಿ ಟೈಟಲ್ 9 ಸಂಯೋಜಕರನ್ನು ನೇಮಿಸಿದ್ದು 2014ರ ನವೆಂಬರ್‌ನಲ್ಲಿ.

ಎನ್‌ಸಿಎಎ ಬಗ್ಗೆ ಬಹಳ ಜನರಿಗೆ ತಪ್ಪು ಕಲ್ಪನೆ ಇದೆ. 2012ರಲ್ಲಿ ಪೆನ್ ಸ್ಟೇಟ್‌ಗೆ 6 ಕೋಟಿ ಡಾಲರ್ ದಂಡ, ನಾಲ್ಕು ವರ್ಷ ಬೌಲ್ ಪಂದ್ಯಗಳಿಗೆ (ಋತುವಿನ ಕೊನೆಯಲ್ಲಿ ನಡೆಯುವ ಪ್ರತಿಷ್ಠಿತ ಫುಟ್‌ಬಾಲ್ ಪಂದ್ಯಗಳು) ನಿಷೇಧ, 1998ರಿಂದ 2011ರವರೆಗಿನ ಗೆಲುವುಗಳ ರದ್ದು. ಅದು ತನ್ನ ಸಾಮಾನ್ಯ ತನಿಖಾ ಪ್ರಕ್ರಿಯೆಯನ್ನೇ ಬಿಟ್ಟು ಒಪ್ಪಂದದ ಮೂಲಕ ಹಾಕಿದ ಶಿಕ್ಷೆ. ಮೊಕದ್ದಮೆಗಳ ನಡುವೆ 2015ರ ಜನವರಿಯಲ್ಲಿ ಗೆಲುವುಗಳು ವಾಪಸ್ ಬಂದವು. ಆಮೇಲೆ ಎನ್‌ಸಿಎಎ ಹಿಂದೆ ಸರಿಯಿತು. 2021ರ ಆಗಸ್ಟ್‌ನಲ್ಲಿ ಬೇಲರ್ ಪ್ರಕರಣದ ತೀರ್ಪಿನಲ್ಲಿ ಅದರ ಸಮಿತಿ, ದೂರುಗಳನ್ನು ದಾಟಿಸದೇ ಇದ್ದದ್ದು ಎನ್‌ಸಿಎಎ ನಿಯಮಗಳ ಉಲ್ಲಂಘನೆಯಲ್ಲ, ಶಿಕ್ಷಿಸಲು ತಮ್ಮ ನಿಯಮಾವಳಿಯಲ್ಲಿ ಅವಕಾಶವಿಲ್ಲ ಎಂದಿತು. ಮನಸ್ಸು ಕದಡುವ ಮಾತು, ಆದರೆ ನಿಯಮಪುಸ್ತಕದ ಮಟ್ಟಿಗೆ ನಿಜ. ಉಳಿದಿರುವುದು ಘೋಷಣೆಯ ವ್ಯವಸ್ಥೆ: ಅಧ್ಯಕ್ಷರು, ಅಥ್ಲೆಟಿಕ್ ಡೈರೆಕ್ಟರ್, ಟೈಟಲ್ 9 ಸಂಯೋಜಕರು ಮೂವರೂ ಲೈಂಗಿಕ ದೌರ್ಜನ್ಯದ ನೀತಿ ಪಾಲಿಸುತ್ತಿದ್ದೇವೆಂದು ಪ್ರತಿವರ್ಷ ಸಹಿ ಹಾಕಬೇಕು. ತಪ್ಪಿದರೆ ಮುಂದಿನ ವರ್ಷ ಚಾಂಪಿಯನ್‌ಷಿಪ್ ಪಂದ್ಯಗಳ ಆತಿಥ್ಯ ಸಿಗುವುದಿಲ್ಲ. 2022–23ರಿಂದ ಆಟಗಾರರು ತಮ್ಮ ಮೇಲಿನ ಟೈಟಲ್ 9 ಕ್ರಮ ಮತ್ತು ಕ್ರಿಮಿನಲ್ ಶಿಕ್ಷೆಯನ್ನು ಪ್ರತಿವರ್ಷ ತಾವೇ ಘೋಷಿಸಬೇಕು. ಬೇರೆಡೆಯಿಂದ ವರ್ಗವಾಗಿ ಬಂದವರ ವಿಷಯದಲ್ಲಿ ಸೇರಿಸಿಕೊಳ್ಳುವ ವಿಶ್ವವಿದ್ಯಾಲಯ ವಿಚಾರಿಸಿ ಖಚಿತಪಡಿಸಿಕೊಳ್ಳಬೇಕು.

ಪುಟದಂಚು

ಬಹಳ ಉಪಕಾರವಾಯಿತು. ಒಂದು ಉಪಪ್ರಶ್ನೆ. ಆರೋಪಿತ ಆಟಗಾರನನ್ನು ತೀರ್ಮಾನಕ್ಕೆ ಮೊದಲೇ ತಂಡದಿಂದ ದೂರವಿಡುವುದು ನ್ಯಾಯವೇ? ಕೆಲವರು ಅದೇ ದಿನ ತೆಗೆದುಹಾಕುತ್ತಾರೆ, ಕೆಲವರು ಆ ವರ್ಷದ ಪಂದ್ಯಗಳ ಋತು ಮುಗಿಯುವವರೆಗೂ ಆಡಿಸುತ್ತಾರೆ. ವರ್ಗಾವಣೆಯ ಖಚಿತಪಡಿಸುವಿಕೆಗೆ ವಿದ್ಯಾರ್ಥಿ ದಾಖಲೆಗಳ ಗೌಪ್ಯತೆಯ ಕಾನೂನು ಅಡ್ಡ ಬರುವುದಿಲ್ಲವೇ?

ಉತ್ತರ 4: ಕಾಯ್ದೆಕಟ್ಟು

ಇದರಲ್ಲಿ ಎರಡು ಕಡೆಯವರ ಹಕ್ಕೂ ಇದೆ. ಒಂದನ್ನು ಮರೆತ ಸಂಸ್ಥೆ ನ್ಯಾಯಾಲಯದಲ್ಲಿ ಸೋಲುತ್ತದೆ, ಸೋತಾಗ ಮುಂದಿನ ದೂರುದಾರೆಗೂ ಪೆಟ್ಟು ಬೀಳುತ್ತದೆ.

2020ರ ನಿಯಮಗಳಲ್ಲಿ ಆರೋಪಿತ ತಪ್ಪಿತಸ್ಥನಲ್ಲ ಎಂಬ ಊಹೆಯಿಂದಲೇ ಪ್ರಕ್ರಿಯೆ ಆರಂಭವಾಗಬೇಕು. ಲಿಖಿತ ದೂರು, ಎರಡೂ ಕಡೆಗೆ ನೋಟಿಸ್, ಸಾಕ್ಷ್ಯ ನೋಡಿ ಉತ್ತರಿಸಲು ಕನಿಷ್ಠ 10 ದಿನ, ತನಿಖಾ ವರದಿ ಕೈಸೇರಿ ಕನಿಷ್ಠ 10 ದಿನದ ನಂತರ ನೇರ ವಿಚಾರಣೆ. ಅಲ್ಲಿ ಪಾಟೀಸವಾಲು ಮಾಡುವುದು ಸಲಹೆಗಾರರು. ಪಕ್ಷಗಾರರು ಒಬ್ಬರನ್ನೊಬ್ಬರು ಪ್ರಶ್ನಿಸುವಂತಿಲ್ಲ, ಕೇಳಿದರೆ ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಬೇಕು. ತೀರ್ಪುಗಾರರು ತನಿಖಾಧಿಕಾರಿಯೂ ಆಗಿರಬಾರದು, ಸಂಯೋಜಕರೂ ಆಗಿರಬಾರದು. ಆಮೇಲೆ ಮೇಲ್ಮನವಿ. ಋತುವಿನ ನಡುವೆ ಬಂದ ದೂರು ಋತು ಮುಗಿಯುವ ಮೊದಲು ತೀರ್ಮಾನವಾಗುವುದು ಅಪರೂಪ ಎಂಬುದಕ್ಕೆ ಈ ದಿನಗಳ ಲೆಕ್ಕವೇ ಕಾರಣ. 2024ರ ಪರಿಷ್ಕೃತ ನಿಯಮಗಳನ್ನು 2025ರ ಜನವರಿ 9ರಂದು ಕೆಂಟಕಿಯ ಫೆಡರಲ್ ನ್ಯಾಯಾಲಯ ರದ್ದುಗೊಳಿಸಿದೆ. ಆ ಅವಧಿಯ ಕೈಪಿಡಿ ಓದುತ್ತಿದ್ದರೆ ದಿನಾಂಕ ನೋಡಿಕೊಳ್ಳಿ.

ನಡುವೆ ತುರ್ತಾಗಿ ಹೊರಹಾಕಬೇಕಾದರೆ ಆ ವ್ಯಕ್ತಿಯ ಮಟ್ಟಿಗೆ ಅಪಾಯದ ವಿಶ್ಲೇಷಣೆ ಮಾಡಿರಬೇಕು, ದೈಹಿಕ ಸುರಕ್ಷತೆಗೆ ತಕ್ಷಣದ ಬೆದರಿಕೆ ಇದೆಯೆಂದು ತೋರಬೇಕು, ಹೊರಹಾಕಿದ ಕೂಡಲೇ ಪ್ರಶ್ನಿಸುವ ಅವಕಾಶ ಕೊಡಬೇಕು. ಕ್ರೀಡಾ ವಿಭಾಗಗಳು ಈ ಷರತ್ತುಗಳಿಂದ ತಪ್ಪಿಸಿಕೊಳ್ಳಲು ತಮ್ಮದೇ ಆಟಗಾರರ ನಡವಳಿಕೆ ಸಂಹಿತೆ ಬಳಸುತ್ತವೆ. 2023ರ ಡಿಸೆಂಬರ್ ಕೊನೆಯಲ್ಲಿ ಇಲಿನಾಯ್ ವಿಶ್ವವಿದ್ಯಾಲಯ ಬಾಸ್ಕೆಟ್‌ಬಾಲ್ ಆಟಗಾರನೊಬ್ಬನನ್ನು ಹೀಗೆ ಅಮಾನತು ಮಾಡಿತು. ಜನವರಿಯಲ್ಲಿ ಫೆಡರಲ್ ನ್ಯಾಯಾಲಯ ತಡೆಯಾಜ್ಞೆ ಕೊಟ್ಟು ಆತನನ್ನು ತಂಡಕ್ಕೆ ಮರಳಿಸಿತು. ಜೂನ್‌ನಲ್ಲಿ, ಕ್ರಿಮಿನಲ್ ಮೊಕದ್ದಮೆ ನಡೆದ ಕ್ಯಾನ್ಸಸ್ ರಾಜ್ಯದ ಜ್ಯೂರಿ ನಿರ್ದೋಷಿ ಎಂದಿತು. ಸಂಹಿತೆ ಬರೆಯುವವರು ಇದನ್ನು ಮುಂದಿಟ್ಟುಕೊಂಡು ಬರೆಯಬೇಕು: ನಿರ್ಧಾರದ ಸಮಿತಿಯಲ್ಲಿ ಕೋಚ್ ಇರಬಾರದು, ಕಾರಣ ಬರವಣಿಗೆಯಲ್ಲಿರಬೇಕು, ಆಟಗಾರನ ಮಾತು ಕೇಳಬೇಕು, ಇಂತಿಷ್ಟು ದಿನಕ್ಕೊಮ್ಮೆ ಮರುಪರಿಶೀಲನೆ ಆಗಬೇಕು, ವಿದ್ಯಾರ್ಥಿವೇತನಕ್ಕೆ ಕೈಹಾಕಬಾರದು. ಮುಖ್ಯ ಆಟಗಾರನಿಗೂ ಬೆಂಚಿನ ಕೊನೆಯವನಿಗೂ ಒಂದೇ ಅಳತೆ.

ದೂರುದಾರೆಯೂ ಕ್ರೀಡಾಪಟುವಾಗಿದ್ದರೆ ಇನ್ನೊಂದು ತೊಡಕು. ಒಂದೇ ವ್ಯಾಯಾಮ ಕೊಠಡಿ, ಒಂದೇ ಊಟದ ಹಾಲ್, ಒಂದೇ ಫಿಸಿಯೊ, ಒಂದೇ ಪಾಠದ ಕೋಣೆ. ‘ಸಂಪರ್ಕ ನಿಷೇಧ’ ಎಂದು ಎರಡು ಸಾಲು ಬರೆದರೆ ಪ್ರಯೋಜನವಿಲ್ಲ. ಗಂಟೆಗಂಟೆಯ ವೇಳಾಪಟ್ಟಿ ಬೇಕು, ಬಾಗಿಲು ಯಾರಿಗೆ ಯಾವುದು ಎಂಬುದೂ ಬೇಕು. ಸಾಮಾನ್ಯವಾಗಿ ತಪ್ಪುವುದು ಇಲ್ಲೇ. ಅನನುಕೂಲದ ಗಂಟೆಗಳೆಲ್ಲ ಆಕೆಯ ಪಾಲಿಗೆ ಬೀಳುತ್ತವೆ, ಒಂದು ಸೆಮಿಸ್ಟರ್‌ನಲ್ಲಿ ಆಕೆಯೇ ತಂಡ ಬಿಡುತ್ತಾಳೆ.

ವಿದ್ಯಾರ್ಥಿ ದಾಖಲೆಗಳ ಗೌಪ್ಯತೆಯ ಕಾನೂನು, ಅಂದರೆ ಫರ್ಪಾ, ಅಂದುಕೊಂಡಷ್ಟು ಬಿಗಿಯಿಲ್ಲ. ವಿದ್ಯಾರ್ಥಿ ಎಲ್ಲಿ ಸೇರಬಯಸುತ್ತಾನೋ ಆ ಸಂಸ್ಥೆಗೆ ಶಿಸ್ತಿನ ದಾಖಲೆ ಕಳಿಸಲು ಫರ್ಪಾ ಅವಕಾಶ ಕೊಡುತ್ತದೆ. ಹಿಂಸಾತ್ಮಕ ಅಪರಾಧದಲ್ಲಿ ತಪ್ಪಿತಸ್ಥನೆಂದು ಕಂಡುಬಂದರೆ ಅಂತಿಮ ಫಲಿತಾಂಶವನ್ನು ಬಹಿರಂಗಪಡಿಸಲೂ ಬಹುದು. ನ್ಯೂಯಾರ್ಕ್, ವರ್ಜೀನಿಯ, ಟೆಕ್ಸಸ್ ರಾಜ್ಯಗಳಲ್ಲಿ ಅಂಕಪಟ್ಟಿಯ ಮೇಲೇ ಟಿಪ್ಪಣಿ ಹಾಕುವ ಕಾನೂನಿದೆ. ಉಳಿದೆಡೆ ಹಳೆಯ ಸಂಸ್ಥೆಯ ಟೈಟಲ್ 9 ಕಚೇರಿಗೆ ಬರೆದು ಕೇಳಬೇಕು. ಕೋಚ್ ಇನ್ನೊಬ್ಬ ಕೋಚ್‌ಗೆ ಫೋನ್ ಮಾಡಿ ‘ಹುಡುಗ ಒಳ್ಳೆಯವನಾ’ ಎಂದು ಕೇಳಿದ್ದನ್ನು ಖಚಿತಪಡಿಸುವಿಕೆ ಎನ್ನಲಾಗದು.

ಉತ್ತರ 5: ಸಾಕ್ಷಿಪುಟ

ಒಂದು ಸೇರ್ಪಡೆ. ಕಾಲಮಿತಿ ಮೀರಿತು ಎಂಬ ವಾದ ಈಗ ಮೊದಲಿನಷ್ಟು ಗಟ್ಟಿಯಿಲ್ಲ. ಒಹಾಯೊ ಸ್ಟೇಟ್ ಮೊಕದ್ದಮೆಗಳಲ್ಲಿ 2022ರಲ್ಲಿ ಆರನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ, ದೌರ್ಜನ್ಯ ನಡೆದ ದಿನದಿಂದಲ್ಲ, ಸಂಸ್ಥೆಯ ಪಾತ್ರ ಬಾಧಿತರಿಗೆ ತಿಳಿಯಲು ಸಾಧ್ಯವಾದ ದಿನದಿಂದ ಗಡಿಯಾರ ಓಡುತ್ತದೆ ಎಂಬ ವಾದವನ್ನು ಒಪ್ಪಿತು. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಆ ವಿಷಯದ ಮೇಲ್ಮನವಿ ಕೇಳಲು ನಿರಾಕರಿಸಿತು. ಹಾಗಾಗಿ ಹಳೆಯ ಕಡತಗಳನ್ನು ‘ಅವಧಿ ಮುಗಿದಿದೆ’ ಎಂದು ನಾಶಮಾಡುವ ಕಚೇರಿ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುತ್ತದೆ. 2020ರ ನಿಯಮಗಳೇ 7 ವರ್ಷ ಕಡತ ಇಡಬೇಕೆನ್ನುತ್ತವೆ. ತಂಡದ ವೈದ್ಯರ ವಿಷಯದಲ್ಲಿ ಅದು ಸಾಲದು.

ಪುಟದಂಚು ಅವರೇ, ಯಾವುದಾದರೂ ವಿಶ್ವವಿದ್ಯಾಲಯವನ್ನು ಅಳೆಯಬೇಕಿದ್ದರೆ ಅದರ ಜಾಲತಾಣದಲ್ಲಿ ಸಂಸ್ಥೆಯ ರಚನಾಪಟ ಹುಡುಕಿ. ತಂಡದ ವೈದ್ಯರು ಮತ್ತು ಟ್ರೇನರ್‌ಗಳ ನೇಮಕ, ಸಂಬಳ, ಮೌಲ್ಯಮಾಪನ ಅಥ್ಲೆಟಿಕ್ ಡೈರೆಕ್ಟರ್ ಕೈಯಲ್ಲಿದೆಯೇ, ವೈದ್ಯಕೀಯ ಕಾಲೇಜಿನ ಕೈಯಲ್ಲಿದೆಯೇ? ಟೈಟಲ್ 9 ಸಂಯೋಜಕರು ಅಧ್ಯಕ್ಷರಿಗೆ ನೇರವಾಗಿ ವರದಿ ಮಾಡುತ್ತಾರೆಯೇ, ಇಲ್ಲ ಸಂಸ್ಥೆಯ ವಕೀಲರ ಕಚೇರಿಗೆ? ಕ್ರೀಡಾ ವಿಭಾಗದೊಳಗೆ ‘ಉಪ ಸಂಯೋಜಕ’ ಎಂದು ಯಾರನ್ನಾದರೂ ಕೂರಿಸಿದ್ದಾರೆಯೇ? ಕೂರಿಸಿದ್ದರೆ ದೂರು ಮೊದಲು ಹೋಗುವುದು ಅವರಿಗೇ, ಮತ್ತು ಅವರ ಸಂಬಳ ಬರುವುದು ಅದೇ ವಿಭಾಗದಿಂದ.